ಸುಬ್ಬಿಯ ಮಣಿಕಟ್ಟು

ಸುಬ್ಬಿಯ ಎಡಗೈ ಹೆಬ್ಬೆರಳಿನ ಉಗುರು ಚಿಕ್ಕಂದಿನಿಂದಲೂ ಅರ್ಧ ಕಪ್ಪು. ಇಡಗುಂದಿ ಕಡೆಯ ಗದ್ದೆಮನೆಗಳಲ್ಲಿ ಆಗ ಹಾಗೆ ಉಗುರು ಕಪ್ಪಾಗದ ಮಕ್ಕಳೇ ಕಡಿಮೆ. ಕಾಡಂಚಿನ ಗದ್ದೆಗೆ ಇಳಿಯುವ ಮಂಗಗಳನ್ನು ಓಡಿಸಲು ಮನೆಗೊಂದು ಬಿದಿರಿನ ಬಿಲ್ಲು ಇರುತ್ತಿತ್ತು. ಅದಕ್ಕೆ ಬಾಣವಿಲ್ಲ. ಜೋಡಿ ಹೆದೆ, ಹೆದೆಗಳ ನಡುವೆ ಎರಡು ಬೆರಳಗಲದ ಬಟ್ಟೆಯ ತೊಟ್ಟಿಲು, ತೊಟ್ಟಿಲಲ್ಲಿ ಒಣಗಿಸಿದ ಜೇಡಿಮಣ್ಣಿನ ಉಂಡೆ, ಅಷ್ಟೆ. ಎಳೆದು ಬಿಟ್ಟರೆ ಉಂಡೆ ಸೀದಾ ಬಂದು ಬಿಲ್ಲು ಹಿಡಿದ ಕೈಯ ಹೆಬ್ಬೆರಳಿಗೇ ಬಡಿಯುತ್ತದೆ. ಬಡಿಯಬಾರದೆಂದರೆ ಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ಚಕ್ಕನೆ ಹೊರಕ್ಕೆ ತಿರುವಿ ಉಂಡೆಗೆ ದಾರಿ ಬಿಡಬೇಕು. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಎರಡು ಸಲ ಉಗುರು ಕಪ್ಪಾದರೆ ಮೂರನೇ ಸಲ ಕೈ ತಾನೇ ತಿರುಗುತ್ತದೆ.

ಸುಬ್ಬಿಗೆ ಎಂಟು ವರ್ಷಕ್ಕೇ ಕೈ ತಿರುಗಿತ್ತು. ಅವಳ ಉಂಡೆಗೆ ಹೆದರಿ ಮಂಗಗಳು ಪಕ್ಕದ ಗದ್ದೆಗೆ ಹೋಗುತ್ತವೆ ಎಂದು ಪಕ್ಕದವರು ಜಗಳಕ್ಕೆ ಬಂದದ್ದೂ ಉಂಟು.

ತೊಂಬತ್ತೊಂದರಲ್ಲಿ ಯಲ್ಲಾಪುರದ ಮೈದಾನದಲ್ಲಿ ಬಿಲ್ಲು ಕಲಿಸುವ ಶಿಬಿರ ಶುರುವಾದಾಗ ಸುಬ್ಬಿ ಯಾರೂ ಕರೆಯದೆಯೇ ಹೋಗಿ ಸೇರಿದಳು; ಅಷ್ಟರಲ್ಲೇ ಎಲ್ಲರಿಗೂ ಅವಳ ಹೆಸರು ಗೊತ್ತಿತ್ತು. ಅದೇ ಶಿಬಿರಕ್ಕೆ ವಿನೋದಾ ಬಂದದ್ದು ಬರೀ ಉದ್ದ ಇದ್ದಳೆಂಬ ಕಾರಣಕ್ಕೆ. ಅವಳು ಭೈರುಂಬೆಯ ತೋಟದ ಮನೆಯ ಹುಡುಗಿ. ಹೈಸ್ಕೂಲಿಗೆಂದು ಯಲ್ಲಾಪುರದ ಸೋದರತ್ತೆಯ ಮನೆಯಲ್ಲಿದ್ದಳು. ಆಟದ ಮಾಸ್ತರರು ಸಾಲಿನಲ್ಲಿ ನಿಲ್ಲಿಸಿ, ಉದ್ದ ಕೈಯವರನ್ನೆಲ್ಲ ಆಚೆಗೆ ತಳ್ಳಿ, "ನೀವೆಲ್ಲ ಬಿಲ್ಲಿಗೆ" ಎಂದುಬಿಟ್ಟಿದ್ದರು.

ವಿನೋದಾ ಬಾಣ ಬಿಟ್ಟರೆ ಟಾರ್ಗೆಟ್ಟಿನ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೆಚ್ಚು ಗಾಯ. ಆದರೆ ಅವಳಿಗೆ ಚಿತ್ರ ಬರೆಯಲು ಬರುತ್ತಿತ್ತು. ಧಾರವಾಡ ಕಡೆಯ ಕೋಚ್ ಸರ್ ಅದನ್ನು ನೋಡಿದ್ದೇ ಒಂದು ಉಪಾಯ ಮಾಡಿದರು. ಕ್ಯಾಮೆರಾ ತರಿಸುವ ಶಕ್ತಿ ಶಿಬಿರಕ್ಕಿರಲಿಲ್ಲ. ಹುಡುಗಿಯರಿಗೆ ತಮ್ಮ ತಪ್ಪು ತಮಗೆ ಕಾಣಬೇಕಲ್ಲ!

"ವಿನೋದಾ, ನೀ ಇಲ್ಲಿ ಬಾಜೂಕ ಕೂಡು. ಒಬ್ಬೊಬ್ಬರ ಕೈ ಹೆಂಗ ಐತಿ ಹಂಗ ಬರಿ. ಛಂದ ಮಾಡಬ್ಯಾಡ ಮತ್ತ. ಛಂದ ಮಾಡಿದಿ ಅಂದ್ರ ಅದು ಸುಳ್ಳ ಆಗತದ."

ಹೀಗೆ ವಿನೋದಾ ದಿನವೂ ಮೈದಾನದ ಅಂಚಿನಲ್ಲಿ ಕುಳಿತು ಕೈಗಳನ್ನು ಬರೆದಳು. ಹೆದೆ ಗದ್ದಕ್ಕೆ ತಾಗುವ ಜಾಗ, ಮೊಣಕೈ ಏಳುವ ಎತ್ತರ, ಬಿಟ್ಟ ಮೇಲೆ ಬಲಗೈ ಕಿವಿಯ ಕೆಳಗೆ ಹಿಂದಕ್ಕೆ ಸರಿಯುವ ರೀತಿ. ಎಲ್ಲರಿಗಿಂತ ಹೆಚ್ಚು ಬರೆದದ್ದು ಸುಬ್ಬಿಯ ಎಡಗೈಯನ್ನು. ಅದು ಬಿಲ್ಲು ಹಿಡಿದು ನಿಂತಾಗ ಕಲ್ಲಿನಂತೆ ನಿಲ್ಲುತ್ತಿತ್ತು. ಬಾಣ ಹೊರಟ ಗಳಿಗೆಗೆ ಸರಿಯಾಗಿ ಚಕ್ಕನೆ ಹೊರಕ್ಕೆ ತಿರುಗುತ್ತಿತ್ತು. ಬಾಣ ಅಷ್ಟೇ ಎಡಕ್ಕೆ ಹೋಗುತ್ತಿತ್ತು.

"ಏ ಸುಬ್ಬಿ!" ಕೋಚ್ ಸರ್ ತಲೆ ಚಚ್ಚಿಕೊಳ್ಳುತ್ತಿದ್ದರು. "ಕೈ ಯಾಕ ತಿರುವತೀ? ಬಾಣಕ್ಕ ಟಾಟಾ ಮಾಡತಿಯೇನು? ಅದೇನ ಬೀಗರ ಮನೀಗ ಹೊಂಟದ?"

"ನಾನಲ್ಲ ಸರ್. ಅದೇ ತಿರುಗ್ತದೆ."

"ಅದು ಅಂದ್ರ ಯಾರು? ಕೈ ನಿಂದೋ, ಮಂಗ್ಯಾಂದೋ?"

ಹುಡುಗಿಯರೆಲ್ಲ ನಕ್ಕರು, ಸುಬ್ಬಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಸಂಜೆ ಮಾತ್ರ ವಿನೋದಾಳ ಹತ್ತಿರ ಬಂದು ಅವತ್ತಿನ ಚಿತ್ರ ಕೇಳಿ, ಒಬ್ಬಳೇ ಮರದ ಬುಡದಲ್ಲಿ ಕುಳಿತು ತನ್ನ ಕೈಯನ್ನೂ ಕಾಗದದ ಕೈಯನ್ನೂ ಹೋಲಿಸಿ ನೋಡುತ್ತಿದ್ದಳು. ಮಣಿಕಟ್ಟು ತಿರುಗದ ಹಾಗೆ ಮುಂಗೈಗೆ ಕೋಲು ಕಟ್ಟಿಕೊಂಡು ಮಲಗುತ್ತಿದ್ದಳು. ಮನೆಗೆ ಹೋದಾಗ ಮಂಗನ ಬಿಲ್ಲು ಮುಟ್ಟುವುದಿಲ್ಲವೆಂದು ಹರಕೆ ಹೊತ್ತವರ ಹಾಗೆ ಬಿಟ್ಟಳು. ಹಬ್ಬಕ್ಕೆ ಹೋದಾಗ ಅವಳ ಅಪ್ಪ, "ಗದ್ದೆ ಪೂರಾ ಮಂಗ, ನೀನು ಕೈ ಕಟ್ಟಿ ಕೂತೀಯಲ್ಲ, ಎಂತಾ ಕಲಿತದ್ದು ಅಲ್ಲಿ?" ಎಂದು ಗೊಣಗಿದರಂತೆ.

ಮೂರನೇ ವರ್ಷದ ಹೊತ್ತಿಗೆ ಕೈ ನಿಂತಿತು. ವಿನೋದಾ ಬರೆದ ಚಿತ್ರದಲ್ಲಿ ಸುಬ್ಬಿಯ ಮಣಿಕಟ್ಟು ತೋಳಿನ ಗೆರೆಗೇ ಗೆರೆ ಕೂಡಿಸಿ ನೆಟ್ಟಗೆ ಇತ್ತು. ಕೋಚ್ ಸರ್ ಆ ಚಿತ್ರ ನೋಡಿ, "ಛಂದ ಮಾಡಿಲ್ಲ ಹೌದಿಲ್ಲೋ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ತೊಂಬತ್ತೈದರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ತಂಡಕ್ಕೆ ಆಯ್ಕೆ. ವಿನೋದಾ ಬಿಲ್ಲು ಬಿಟ್ಟು ಆಗಲೇ ವರ್ಷವಾಗಿತ್ತು. ಸುಬ್ಬಿಯ ಜೊತೆ ನೀರಿನ ಬಾಟಲಿ ಹಿಡಿಯಲು ಹೋಗಿದ್ದಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸುಬ್ಬಿಯ ಬಾಣಗಳು ಒಂದರ ಪಕ್ಕ ಒಂದು ಕೋಳಿಮರಿ ಕೂತ ಹಾಗೆ ಕೂತವು. ಕೋಚ್ ಸರ್ ಬಾಯಲ್ಲಿ ಮಾತಿಲ್ಲ, ಬರೀ ಅಡಿಕೆ. ಕಡೆಯ ಸುತ್ತಿನಲ್ಲಿ ಅವಳು ಹೆದೆ ಎಳೆದು ನಿಂತಿದ್ದಾಗ ಟಾರ್ಗೆಟ್ಟಿನ ಹಿಂದಿನ ಬೇವಿನ ಮರಕ್ಕೆ, ಯಾವ ಓಣಿಯಿಂದ ಬಂದವೋ, ಮಂಗಗಳ ಹಿಂಡೊಂದು ಧಡಧಡನೆ ಹತ್ತಿತು.

ಬೇರೆ ಯಾವ ಊರಿನ ಹುಡುಗಿಗೂ ಅದು ಏನೂ ಅಲ್ಲ. ಸುಬ್ಬಿಯ ಕೈ ಮಾತ್ರ ಮೂರು ವರ್ಷದ ಪಾಠವನ್ನು ಮರೆತು ಚಕ್ಕನೆ ತಿರುಗಿತು. ಒಂದು ಬಾಣವಲ್ಲ, ಅಲ್ಲಿಂದ ಮುಂದೆ ಬಿಟ್ಟದ್ದೆಲ್ಲ ಎಡಕ್ಕೆ.

ವಾಪಸು ಬರುವ ಬಸ್ಸಿನಲ್ಲಿ ಸುಬ್ಬಿ ಕಿಟಕಿಗೆ ತಲೆ ಕೊಟ್ಟು ಕುಳಿತಿದ್ದಳು. ಕಲಘಟಗಿ ದಾಟಿದ ಮೇಲೆ, "ಎಲ್ಲರನ್ನೂ ಜನ ಸೋಲಿಸ್ತಾರೆ. ನನ್ನನ್ನ ಮಂಗ ಸೋಲಿಸ್ತಲ್ಲೆ ವಿನೋದಾ," ಎಂದು ನಕ್ಕಳು. ಆಮೇಲೆ ಊರು ಬರುವವರೆಗೂ ನಗಲಿಲ್ಲ. ಮರುವರ್ಷ ಊರಿನವನೇ ಆದ ಗಣಪನ ಜೊತೆ ಅವಳ ಮದುವೆಯಾಯಿತು. ಗಣಪ ಕಾಡಿನ ಕೆಲಸಕ್ಕೆ ಹೋಗುವವನು, ಸಾಧು. ಮದುವೆಯಾದ ಮೇಲೆ ಸುಬ್ಬಿ ಬಾಣದ ಬಿಲ್ಲು ಮುಟ್ಟಲಿಲ್ಲ. ಮಂಗನ ಬಿಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡಳು.

ವಿನೋದಾ ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು, ರಘುಪತಿಯನ್ನು ಮದುವೆಯಾಗಿ ಶಿರಸಿಗೆ ಬಂದಳು. ಎರಡು ಸಾವಿರದ ನಾಲ್ಕರ ಹೊತ್ತಿಗೆ ಅವಳ ಮಗ ಶಶಾಂಕನಿಗೆ ಒಂದು ವರ್ಷ ತುಂಬಿತ್ತು. ಮಗು ಮಲಗಿದ ಹೊತ್ತಿಗೆ ಮನೆಯಲ್ಲಿ, ಮಲಗದ ಹೊತ್ತಿಗೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ದಿನಕರನ ಗ್ರಾಫಿಕ್ಸ್ ಅಂಗಡಿಯಲ್ಲಿ, ಅವಳು ಚಿತ್ರ ಬರೆಯುತ್ತಿದ್ದಳು. ವಾನಳ್ಳಿಯ ದಿನಕರ ಅಲ್ಲಿವರೆಗೆ ಮಾಡುತ್ತಿದ್ದದ್ದು ಮದುವೆ ಕಾಗದ, ಅಂಗಡಿ ಬೋರ್ಡು, ಉಪನಯನದ ಬ್ಯಾನರು. ಅಂಥವನಿಗೆ ಒಂದು ದಿನ ಮುಂಬಯಿಯ ಕಂಪನಿಯೊಂದರಿಂದ ಕಂಪ್ಯೂಟರ್ ಆಟಕ್ಕೆ ಚಿತ್ರ ಬರೆದುಕೊಡುವ ಕೆಲಸ ಬಂತು. ಸಂಭ್ರಮ ತಡೆಯಲಾರದೆ ಅಂಗಡಿಯ ಹೊರಗೆ ನಿಂತೇ ಕೂಗಿದ.

"ವಿನೋದಕ್ಕಾ! ಬಿಲ್ಲು ಹಿಡ್ಕಂಡ ಕಾಡಿನ ಹೆಂಗಸು ಬೇಕಡ! ನಿಂಗೆ ಬಿಲ್ಲು ಗೊತ್ತಿದ್ದಲೆ!"

ಕಂಪನಿಯವರು ಮಾದರಿಗೆಂದು ಬೇರೆ ಬೇರೆ ಆಟಗಳ ಒಂದಿಷ್ಟು ಚಿತ್ರ ಕಳಿಸಿದ್ದರು. ವಿನೋದಾ ಒಂದೊಂದನ್ನೇ ನೋಡುತ್ತ ಹೋದಂತೆ ಅವಳ ಬೆರಳುಗಳು ತಾವಾಗಿ ಮುಷ್ಟಿಯಾದವು. ಒಬ್ಬಳ ಬಿಲ್ಲಿನ ತುದಿಗಳಲ್ಲಿ ಗೇರುಹಣ್ಣು ಕೊಯ್ಯುವ ಕೊಕ್ಕೆಯಂಥ ಕತ್ತಿಗಳು. ಎಳೆದರೆ ಅವಳ ಕಾಲೇ ಕೊಯ್ದುಹೋಗುತ್ತದೆ. ಇನ್ನೊಬ್ಬಳು ಎದೆಗೆ ಲೋಹದ ಕವಚ ತೊಟ್ಟಿದ್ದಾಳೆ, ಹೆದೆ ಅದರೊಳಗಿಂದ ಹಾದುಹೋಗಬೇಕು. ಮತ್ತೊಬ್ಬಳ ಬಿಲ್ಲು ಹುಣ್ಣಿಮೆಯ ಚಂದ್ರನಷ್ಟು ಬಾಗಿದೆ, ಹೆದೆಯ ಹಿಡಿತ ಮಾತ್ರ ಉಪ್ಪು ಚಿಟಿಕೆ ಹಿಡಿದ ಹಾಗೆ. ಎಲ್ಲರ ಕೂದಲೂ ಬಿಚ್ಚಿ ಗಾಳಿಗೆ ಹಾರುತ್ತಿದೆ. ಎಲ್ಲರೂ ಗುರಿಯನ್ನು ಬಿಟ್ಟು ನೋಡುವವರನ್ನೇ ನೋಡುತ್ತಿದ್ದಾರೆ. ಕಂಪನಿಗೆ ಬೇಕಾದದ್ದು ಬಾಣ ಆಗಷ್ಟೇ ಬಿಟ್ಟ ಗಳಿಗೆ.

ಆ ಗಳಿಗೆ ಎಂದದ್ದೇ ವಿನೋದಾಳಿಗೆ ಸುಬ್ಬಿಯ ನೆನಪಾಯಿತು. ಮಗುವನ್ನು ಎತ್ತಿಕೊಂಡು, ಮಾದರಿ ಚಿತ್ರಗಳನ್ನು ಚೀಲಕ್ಕೆ ತುರುಕಿ ಇಡಗುಂದಿಗೆ ಹೊರಟಳು.

ಸುಬ್ಬಿ ಚಿತ್ರಗಳನ್ನು ನೋಡಿ ಅಂಗಳದಲ್ಲೇ ಕುಕ್ಕರಿಸಿ ನಕ್ಕಳು. "ಇವ್ಳು ನೋಡೆ, ಬಾಣ ಬಿಟ್ರೆ ಮೊದ್ಲು ಹೋಗೂದು ಇವಳ ಮೊಲೆನೇ! ಇವಳ ಕೂದ್ಲು ಹೆದೆಗೆ ಸಿಕ್ಕಿ ತಲೆ ಬೋಳಾಗ್ತದೆ. ಮತ್ತೆ ಇವ್ಳು? ಒಟ್ಟಿಗೇ ಮೂರು ಬಾಣ! ಯಾರಿಗೆ ಬಿಡೂದು ಇವ್ಳು, ಮೂರು ದಿಕ್ಕಿಗೆ ಓಡಿದ ಗಂಡನಿಗಾ?"

"ಅದಕ್ಕೇ ನಿನ್ನ ಬರೀಬೇಕು ಅಂತ ಬಂದದ್ದು," ಎಂದಳು ವಿನೋದಾ. "ನಿನ್ನ ಮುಖ, ನಿನ್ನ ನಿಲುವು."

ಸುಬ್ಬಿಯ ನಗು ನಿಂತಿತು. "ನನ್ನನ್ನಾ? ಕಂಪ್ಯೂಟರಿನಲ್ಲಾ?"

ಒಳಗಿನಿಂದ ಮಗಳು ಭೂಮಿಕಾ ಓಡಿಬಂದಳು. ಏಳು ವರ್ಷದ, ಚೂಟಿ ಕಣ್ಣಿನ ಹುಡುಗಿ. ಅವ್ವ ಒಂದು ಕಾಲದಲ್ಲಿ ಹುಬ್ಬಳ್ಳಿವರೆಗೆ ಹೋಗಿ ಬಾಣ ಬಿಟ್ಟವಳು ಎಂಬುದನ್ನು ಅವಳು ಕೇಳಿದ್ದಳು, ನಂಬಿದಂತಿರಲಿಲ್ಲ. "ಅವ್ವ ಮಂಗ ಓಡಿಸೂದು ಮಾತ್ರ ಅಲ್ದಾ?" ಎಂದಳು.

"ಮತ್ತೆಂತ? ಚಿತ್ರ ಬರ್ಲಿ, ತೋರಿಸ್ತೆ ನಿಂಗೆ," ಎಂದ ಸುಬ್ಬಿ ಸೆರಗನ್ನು ಸೊಂಟಕ್ಕೆ ಬಿಗಿದು, ಇದ್ದ ಮಂಗನ ಬಿಲ್ಲನ್ನೇ ಹಿಡಿದು ಅಂಗಳದ ನಡುವೆ ನಿಂತಳು. ಒಂಬತ್ತು ವರ್ಷಗಳ ಮೇಲೂ ಪಾದಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಂಡವು. ವಿನೋದಾ ಬರೆಯತೊಡಗಿದಳು. ಶಶಾಂಕ ಭೂಮಿಕಾಳ ತೊಡೆಯ ಮೇಲೆ ಕುಳಿತು ಮಣ್ಣಿನ ಉಂಡೆ ನೆಕ್ಕುತ್ತಿದ್ದ.

"ಒಂದ್ಸಲ ಬಿಟ್ಟು ತೋರಿಸ್ತೀಯಾ? ಖಾಲಿ ಹೆದೆ ಸಾಕು."

"ಖಾಲಿ ಹೆದೆ ಬಿಡೂದಾ? ಬಿಲ್ಲೇ ಸೀಳಿ ಹೋಗ್ತದೆ. ಕೋಚ್ ಸರ್ ಎಲ್ಲಿದ್ರೂ ಬಂದು ಕಪಾಳಕ್ಕೆ ಕೊಡ್ತ್ರು!" ಸುಬ್ಬಿ ಬಿಲ್ಲು ಇಳಿಸಿದಳು. ಆಮೇಲೆ ಹತ್ತಿರ ಬಂದು ಕಾಗದವನ್ನು ಬಗ್ಗಿ ನೋಡುತ್ತ, ಮಗಳಿಗೆ ಕೇಳಿಸದ ಹಾಗೆ ಹೇಳಿದಳು: "ಬಾಣ ಬಿಟ್ಟ ಮೇಲಿನ ಗಳಿಗೆ ಬರೀತೆ ಅಂದ್ಯಲ್ಲ. ನಂದು ಆ ಗಳಿಗೇಲಿ ಹೇಗಿರ್ತದೆ ಅಂತ ನಿಂಗೆ ಗೊತ್ತಲ್ಲ."

"ಗೊತ್ತು."

"ಹಾಗೆ ಬರೀಬೇಡ. ಮಣಿಕಟ್ಟು ನೆಟ್ಟಗೆ ಬರಿ. ಹುಬ್ಬಳ್ಳೀಲಿ ನಿಲ್ಲದಿದ್ದದ್ದು ಇದ್ರಲ್ಲಾದ್ರೂ ನಿಲ್ಲಲಿ ಮಾರಾಯ್ತಿ. ಭೂಮಿಗೆ ತೋರಿಸ್ಬೇಕು."

"ನೆಟ್ಟಗೇ ಬರೀತೆ. ಆಣೆ ಬೇಕಾ?"

"ಆಣೆ ಎಂತಕ್ಕೆ? ನೀನು ಛಂದ ಮಾಡೂದಿಲ್ಲ ಅಂತ ಗೊತ್ತು ನಂಗೆ. ಇದೊಂದು ಮಾಡು."

ವಿನೋದಾ ಬರೆದಳು. ಅಷ್ಟು ಮನಸ್ಸಿಟ್ಟು ಅವಳು ಅದುವರೆಗೆ ಏನನ್ನೂ ಬರೆದಿರಲಿಲ್ಲ. ಕೂದಲು ಬಿಗಿದ ಗಂಟು. ಎಡಗೈಗೆ ಹೆದೆ ಬಡಿಯದ ಹಾಗೆ ತೊಗಲಿನ ಪಟ್ಟಿ. ಕಣ್ಣು ದೂರದ ಗುರಿಯಲ್ಲಿ. ಬಲಗೈ ಕಿವಿಯ ಕೆಳಗೆ ಹಿಂದಕ್ಕೆ ಸರಿದಿದೆ. ಎಡಗೈ ಭುಜದಿಂದ ಮುಷ್ಟಿಯವರೆಗೆ ಒಂದೇ ಗೆರೆ. ಮುಖ ಸುಬ್ಬಿಯದೇ: ಅಗಲ ಕೆನ್ನೆ, ಮೇಲ್ದುಟಿ ಸ್ವಲ್ಪ ಎತ್ತಿದ ಹಾಗೆ, ಇನ್ನೇನು ನಗುತ್ತಾಳೆ ಎಂಬ ಮುಖ. ಸ್ಕ್ಯಾನ್ ಮಾಡಿ ಬಣ್ಣ ತುಂಬಿ ಕಳಿಸಿದರು.

ಮುಂಬಯಿಯಿಂದ ತಿದ್ದುಪಡಿಗಳು ಬರತೊಡಗಿದವು. ದಿನಕರ ಅವನ್ನು ಓದಿ ಹೇಳುವಾಗ ಮೆಣಸಿನಕಾಯಿ ಕಚ್ಚಿದವನಂತೆ ಮುಖ ಮಾಡುತ್ತಿದ್ದ.

"ಹೆಂಗಸು ನಮ್ಮ ಬದಿಗೆ ನೋಡ್ತಾ ಇಲ್ಯಡ."

"ನಮ್ಮ ಬದಿಗೆ ನೋಡ್ತಾ ಬಿಟ್ರೆ ಬಾಣ ಎಲ್ಲಿಗೆ ಹೋಗ್ತು ದಿನಕರಾ?"

"ಎಲ್ಲಿಗಾದ್ರೂ ಹೋಗ್ಲಿ ಬಿಡು. ಆಟದಲ್ಲಿ ಬಾಣ ಮುಟ್ಟಿಸೂದು ಕಂಪ್ಯೂಟರು, ಅವಳ ಕಣ್ಣಲ್ಲ. ಮತ್ತೆ ಕೂದ್ಲು ಬಿಚ್ಚವಡ. ಕೈಪಟ್ಟಿ ಬ್ಯಾಡ್ದಡ, ತೋಳು ಕಾಣ್ತಿಲ್ಲೆ ಹೇಳಿ."

ವಿನೋದಾ ಜಗಳವಾಡಿದಳು. ಅವಳು ಹೇಳಿದ್ದನ್ನೆಲ್ಲ ದಿನಕರ ಬೆವರುತ್ತ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಕೂದಲಿನ ಗಂಟು ಉಳಿಯಿತು, ನಾಲ್ಕು ಎಳೆ ಮಾತ್ರ ಬಿಚ್ಚಿಕೊಟ್ಟಳು. ಕೈಪಟ್ಟಿ ಉಳಿಯಿತು, ಅದಕ್ಕೆ ಚಿನ್ನದ ಬಣ್ಣ ಬಂತು. ಕಣ್ಣು ಗುರಿಯಲ್ಲೇ ಉಳಿಯಿತು. ಸಣ್ಣ ಸಣ್ಣ ಗೆಲುವುಗಳು; ಒಂದೊಂದು ಗೆದ್ದಾಗಲೂ ಮನೆಗೆ ಹೋಗಿ ರಘುಪತಿಗೆ ಹೇಳಿಕೊಂಡು ಹಿಗ್ಗುತ್ತಿದ್ದಳು.

"ಯಾರೂ ನೋಡದ ಕೈಪಟ್ಟಿಗೆ ಇಷ್ಟು ಯುದ್ಧವಾ?" ಎಂದು ಅವನು ನಕ್ಕರೆ, "ಸುಬ್ಬಿ ನೋಡ್ತು," ಎನ್ನುತ್ತಿದ್ದಳು.

ಕಡೆಯದಾಗಿ ಒಂದು ಮಾತು ಬಂತು. ಶಶಾಂಕನಿಗೆ ಹಲ್ಲು ಬರುತ್ತಿದ್ದ ವಾರ ಅದು. ಜ್ವರ, ಭೇದಿ, ಸೊಂಟ ಬಿಟ್ಟು ಇಳಿಯನು. ಅವನನ್ನು ಎಡಗೈಯಲ್ಲಿ ಆತುಕೊಂಡೇ ವಿನೋದಾ ಅಂಗಡಿಗೆ ಬಂದಿದ್ದಳು. ದಿನಕರನ ದನಿ ಅವತ್ತು ತಗ್ಗಿತ್ತು.

"ವಿನೋದಕ್ಕ, ಎಲ್ಲ ಒಪ್ಪಿದ್ದ. ಆದ್ರೆ ಎಡಗೈ ಸತ್ತ ಕೈ ಇದ್ದಾಂಗಿದ್ದಡ. ಕೋಲು ಹಿಡ್ಕಂಡು ನಿಂತಾಂಗೆ ಕಾಣ್ತಡ. ಬಾಣ ಹೋದ ರಭಸ ಆ ಕೈಯಲ್ಲಿ ಕಾಣವಡ. ಇವತ್ತೇ ಕಳ್ಸವು. ಇದೊಂದು ಆಗ್ದೇ ಇದ್ರೆ ಬೇರೆಯವಕ್ಕೆ ಕೊಡ್ತ ಹೇಳಿ ಬರದ್ದ. ಆನು ಎಂತ ಹೇಳ್ಲಿ?"

"ನೆಟ್ಟಗಿರೂದೇ ಸರಿ ಹೇಳು."

"ಹೇಳಿದ್ದೆ. ಸರಿ ಬೇಡ, ಜೀವ ಬೇಕು ಹೇಳಿದ್ದ."

ಮಗು ಅಳುತ್ತಿತ್ತು. ಅಂಗಡಿಯ ಇನ್ನಿಬ್ಬರು ಹುಡುಗರು ಕೈಕಟ್ಟಿ ಇವಳನ್ನೇ ನೋಡುತ್ತಿದ್ದರು. ಈ ಕೆಲಸ ತಪ್ಪಿದರೆ ಅವರಿಗೆ ಮತ್ತೆ ಉಪನಯನದ ಬ್ಯಾನರು. ವಿನೋದಾ ಪೆನ್ಸಿಲ್ ತೆಗೆದುಕೊಂಡಳು. ಜೀವ ಇರುವ ಕೈ ಎಂದರೆ ಅವಳಿಗೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಒಂದೇ. ಯೋಚಿಸುವ ಅಗತ್ಯವೇ ಬೀಳಲಿಲ್ಲ. ಮೈದಾನದ ಅಂಚಿನಲ್ಲಿ ಕೂತು ವರ್ಷಗಟ್ಟಲೆ ಬರೆದ ತಿರುವು ಬೆರಳ ತುದಿಯಲ್ಲೇ ಇತ್ತು. ಮಣಿಕಟ್ಟು ಚಕ್ಕನೆ ಹೊರಕ್ಕೆ, ಹೆಬ್ಬೆರಳು ಉಂಡೆಗೆ ದಾರಿ ಬಿಟ್ಟು ಮೇಲಕ್ಕೆ, ಮುಂಗೈಯ ನರ ಒಂದಿಷ್ಟು ಉಬ್ಬಿ. ಮಗುವಿನ ಅಳು ನಿಲ್ಲುವ ಮೊದಲೇ ಕೈಯ ಚಿತ್ರ ಮುಗಿದಿತ್ತು.

ದಿನಕರ ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಂದು, "ಹಾ! ಈಗ ನೋಡು, ಈಗ ಜೀವ ಬಂತು!" ಎಂದ.

ಬಂದಿತ್ತು. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಆ ಕೈಯೇ. ವಿನೋದಾಳಿಗೂ ಹಾಗೇ ಅನ್ನಿಸಿತು, ಖುಷಿಯೂ ಆಯಿತು. ಆ ಖುಷಿ ಅವಳನ್ನು ಆಮೇಲೆ ಬಹಳ ಕಾಲ ಕಾಡಿತು. ಒತ್ತಾಯಕ್ಕೆ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ಒತ್ತಾಯಕ್ಕೆ ಮಾಡಿದ್ದು ಅಷ್ಟು ಚೆನ್ನಾಗಿ ಬಂದದ್ದು ಹೇಗೆ?

ಸುಬ್ಬಿಗೆ ಹೇಳಬೇಕಿತ್ತು. ಇಡಗುಂದಿಯೇನು ಕಾಶಿಯಲ್ಲ. ಮೊದಲು ಮಗುವಿನ ಜ್ವರ, ಆಮೇಲೆ ಊರಿನ ತಿಥಿ, ಆಮೇಲೆ ಮತ್ತೊಂದು ಆಟದ ಚಿತ್ರ. ಮುಖ ಅವಳದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಯಾವ ದೇಶದವರೋ ಆಡುವ ಆಟ, ಇಡಗುಂದಿಗೆ ಬಂದೀತೇ ಎಂದುಕೊಂಡಳು. ನೆಟ್ಟಗಿನ ಕೈಯ ಮೊದಲ ಚಿತ್ರವನ್ನು ಜೋಪಾನವಾಗಿ ಎತ್ತಿಟ್ಟಿದ್ದಳು. ಅದನ್ನೇ ಕೊಟ್ಟರಾಯಿತು, ಸುಬ್ಬಿಗೆ ಬೇಕಾದದ್ದೂ ಅದೇ ತಾನೆ? ಹೀಗೆ ಲೆಕ್ಕ ಹಾಕಿಕೊಂಡರೂ ಹೋಗುವುದು ಮುಂದಕ್ಕೆ ಬೀಳುತ್ತಲೇ ಇತ್ತು. ಹೋದದ್ದು ಮರುವರ್ಷ, ಬೇಸಿಗೆ ಕಳೆಯುವ ಹೊತ್ತಿಗೆ.

ಅಂಗಳಕ್ಕೆ ಕಾಲಿಟ್ಟಾಗ ಸುಬ್ಬಿ ಬಂದು ಶಶಾಂಕನನ್ನು ಎತ್ತಿಕೊಂಡಳು. "ಓಹೋ, ಗೌಡ ನಡೀತಾನಾ ಈಗ! ಬಾ, ಬಾ, ಬೆಲ್ಲ ಕೊಡ್ತೆ." ನೀರು ಬಂತು, ಬೆಲ್ಲ ಬಂತು. ವಿನೋದಾ ಬಾಗಿಲ ಒಳಗೆ ಹೋಗಿ ಗೋಡೆ ನೋಡಿದಳು.

ಅವಳು ಬರೆದ ಬಿಲ್ಲಿನ ಹೆಂಗಸು ಅಲ್ಲಿದ್ದಳು. ಹೊಳೆಯುವ ಕಾಗದದ ದೊಡ್ಡ ಪೋಸ್ಟರು, ನಾಲ್ಕು ಮೂಲೆಗೂ ಅನ್ನ ಹಚ್ಚಿ ಅಂಟಿಸಿದ್ದು. ಆದರೆ ಮುಖ ಸುಬ್ಬಿಯದಾಗಿರಲಿಲ್ಲ. ಬಿಳಿ ಮುಖ, ಬೆಕ್ಕಿನಂಥ ಹಸಿರು ಕಣ್ಣು, ಚೂಪು ಗದ್ದ. ಕಿವಿಗೂ ಚೂಪು ಬಂದಿತ್ತು. ಕಣ್ಣು ನೋಡುವವರ ಕಡೆಗೇ ತಿರುಗಿತ್ತು. ಕೂದಲು ಪೂರಾ ಬಿಚ್ಚಿ ಹಾರುತ್ತಿತ್ತು. ಚಿನ್ನದ ಕೈಪಟ್ಟಿ ಇರಲೇ ಇಲ್ಲ. ಮುಂಬಯಿಯಲ್ಲೋ ಅದರಾಚೆಯೋ ಇನ್ಯಾರೋ ಕೂತು, ಇವಳು ಗೆದ್ದದ್ದನ್ನೆಲ್ಲ ಒಂದೊಂದಾಗಿ ಅಳಿಸಿದ್ದರು. ಉಳಿಸಿದ್ದು ಎಡಗೈಯನ್ನು. ಅದರ ಒಂದು ಗೆರೆಯನ್ನೂ ಯಾರೂ ಮುಟ್ಟಿರಲಿಲ್ಲ.

"ಮುಖ ನಾನು ಹಾಗೆ ಬರೆದಿರಲಿಲ್ಲ ಸುಬ್ಬಿ," ಎಂದಳು ವಿನೋದಾ. "ಮುಖ ನಿಂದೇ ಇತ್ತು. ನಂಗೆ ಗೊತ್ತೇ ಇಲ್ಲ ಇದು."

"ಇರ್ಬಹುದು." ಸುಬ್ಬಿ ಶಶಾಂಕನ ಬಾಯೊರೆಸಿದಳು. "ಯಲ್ಲಾಪುರ ಬಸ್ ಸ್ಟ್ಯಾಂಡಿನ ಹತ್ರ ಆಟ ಆಡಿಸೋ ಕಂಪ್ಯೂಟರ್ ಅಂಗಡಿ ಇದ್ಯಲ್ಲ, ಅದ್ರ ಬಾಗಿಲಿಗೆ ಹಚ್ಚಿದ್ರು. ನಾನು ಬಸ್ಸಿಗೆ ಕಾಯ್ತಾ ಇದ್ದೆ. ಯಾರೋ ಪರದೇಶದ ಹೆಂಗ್ಸು ಅಂದ್ಕಂಡೆ. ಆಮೇಲೆ ಕೈ ನೋಡ್ದೆ. ನಂದು! ಮೈ ಝುಂ ಅಂತು ಕಾಣು. ಅಂಗಡಿಯವನ ಹತ್ರ ಕೇಳ್ದೆ, ಇದು ಕೊಡ್ತೀಯನಾ ತಮ್ಮಾ ಅಂತ. 'ಎಂತಕ್ಕಕ್ಕಾ, ಆಟ ಆಡ್ತ್ರಾ?' ಅಂದ. ಇದು ನಾನೇ ಮಾರಾಯ ಅಂದೆ. ಅಂಗಡಿ ಪೂರಾ ನಗಾಡ್ತು. ನಗಾಡಿದ ಮೇಲೆ ಪಾಪ ಕೊಟ್ಟ."

ಭೂಮಿಕಾ ಬಾಗಿಲಿಗೊರಗಿ ನಿಂತಿದ್ದಳು. "ಅದು ಅವ್ವ ಅಲ್ಲ ಅಂತ ಎಲ್ರಿಗೂ ಗೊತ್ತು ವಿನೋದಕ್ಕ. ಶಾಲೇಲಿ ಎಲ್ಲ ಕಾಡಿಸ್ತಾರೆ ನನ್ನ. 'ನಿಮ್ಮವ್ವನ ಕಿವಿ ಯಾವಾಗ ಉದ್ದ ಆತೇ' ಅಂತ. ಅವ್ವ ಮಾತ್ರ ಬಿಡೂದಿಲ್ಲ. ಕೈ ನೋಡು, ಕೈ ನೋಡು ಅಂತಾಳೆ. ಕೈ ನೋಡಿ ಯಾರಿಗೆ ಗೊತ್ತಾಗ್ತದೆ?"

ವಿನೋದಾ ಅವಸರದಲ್ಲಿ ಚೀಲ ಬಿಚ್ಚಿ ಮೊದಲಿನ ಚಿತ್ರ ತೆಗೆದಳು. "ಇಲ್ಲಿ ನೋಡು ಭೂಮಿ. ನಿಜವಾದದ್ದು ಇದು. ಅವ್ವನ ಮುಖ ಇದೆ ನೋಡು. ಕೈ ನೆಟ್ಟಗಿದೆ ನೋಡು, ಹೀಗೇ ಇರಬೇಕು ಬಿಲ್ಲು ಹಿಡಿದವರ ಕೈ."

ಹುಡುಗಿ ಕಾಗದವನ್ನು ನೋಡಿದಳು, ಗೋಡೆಯನ್ನು ನೋಡಿದಳು. ಮಕ್ಕಳಿಗೆ ಕರುಣೆ ಬರುವುದು ನಿಧಾನ. "ಇದು ನೀವು ಈಗ ಅವ್ವನಿಗೋಸ್ಕರ ಬರೆದ್ದು ಅಲ್ದಾ?" ಎಂದಳು. "ಆಟದಲ್ಲಿ ಬಂದದ್ದು ಅದು."

"ಅಲ್ಲ, ಇದೇ ಮೊದಲಿಂದು..."

"ಮತ್ತೆ ಇದನ್ನ ಯಾಕೆ ಕೊಡ್ಲಿಲ್ಲ?"

ವಿನೋದಾ ಸುಬ್ಬಿಯ ಕಡೆ ನೋಡಿದಳು. ಸುಬ್ಬಿ ಮಗಳಿಗೆ, "ಹೋಗು, ಕೊಟ್ಟಿಗೆ ಬದಿಗೆ ಹೋಗಿ ಮಗುಗೆ ಕರು ತೋರ್ಸು," ಎಂದಳು. ಭೂಮಿಕಾ ಶಶಾಂಕನನ್ನು ಎತ್ತಿಕೊಂಡು ಹೋದಳು.

"ಮುಖ ಅವ್ರು ಬದಲಿಸಿದ್ರು ಅಂದೆ. ನಂಬ್ದೆ," ಎಂದಳು ಸುಬ್ಬಿ. "ಕೈ? ಅದೂ ಅವ್ರೇ ಬದಲಿಸಿದ್ದಾ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಗಳಿಗೆಯಲ್ಲಿ ಹೌದು ಎನ್ನುವುದು ದಯೆಯೂ ಆಗುತ್ತಿತ್ತೇನೋ. ಆದರೆ ಆ ತಿರುವನ್ನು ಬರೆಯಬಲ್ಲವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲವೆಂದು ಕೇಳಿದವಳಿಗೂ ಗೊತ್ತಿತ್ತು.

"ಅದು ನಾನೇ," ಎಂದಳು ವಿನೋದಾ. "ಜೀವ ಇಲ್ಲ ಅಂದ್ರು. ಮಗುಗೆ ಜ್ವರ ಬೇರೆ... ನಂಗೆ ಬೇರೆ ಕೈ ಹೊಳೀಲಿಲ್ಲ ಸುಬ್ಬಿ."

ಸುಬ್ಬಿ ಪೋಸ್ಟರಿನ ಕೈಯನ್ನು ನೋಡಿದಳು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಚೆನ್ನಾಗಿ ಬರದ್ದೆ," ಎಂದಳು. "ಹುಬ್ಬಳ್ಳೀಲಿ ಹಿಂಗೇ ಆಗಿತ್ತು, ಥೇಟು." ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಹೋಗುವಾಗ ನೆಟ್ಟಗಿನ ಚಿತ್ರವನ್ನೂ ತೆಗೆದುಕೊಂಡು ಹೋದಳು. ಗೋಡೆಗೆ ಹಚ್ಚುತ್ತಾಳೆಂದು ವಿನೋದಾ ಕಾದಳು. ಚಹಾ ಕುಡಿದು ಬಸ್ಸಿನ ಹೊತ್ತಾಗುವವರೆಗೂ ಅವಳು ಹಚ್ಚಲಿಲ್ಲ.

ಸ್ನೇಹ ಕೆಡಲಿಲ್ಲ. ಸುಬ್ಬಿ ಅಂಥವಳಲ್ಲ. ಶಿರಸಿ ಸಂತೆಗೆ ಬಂದರೆ ಮನೆಗೆ ಬರುತ್ತಾಳೆ, ಶಶಾಂಕನಿಗೆ ನೇರಳೆಹಣ್ಣೋ ಮುರುಗಲ ಹಣ್ಣೋ ತರುತ್ತಾಳೆ, ರಘುಪತಿಯನ್ನು ಗೋಳು ಹೊಯ್ದುಕೊಳ್ಳುತ್ತಾಳೆ. ಭೂಮಿಕಾ ಈಗ ದೊಡ್ಡ ಶಾಲೆಗೆ ಹೋಗುತ್ತಾಳೆ, ಓಟದಲ್ಲಿ ಮುಂದು. ಬಿಲ್ಲು ಕಲಿಸುತ್ತೇನೆಂದು ಅವ್ವ ಒಂದೆರಡು ಸಲ ಕರೆದಾಗ, "ನಿಂಗೆ ಗೊತ್ತಿದ್ದದ್ದು ಮಂಗಂದು" ಎಂದು ನಕ್ಕು ಓಡಿದಳಂತೆ. ಸುಬ್ಬಿಯೇ ಅದನ್ನು ತಮಾಷೆಯಾಗಿ ಹೇಳಿದಳು. ಆಮೇಲೆ ಕರೆಯಲಿಲ್ಲ.

ವಿನೋದಾ ದಿನಕರನಿಗೆ ಇನ್ನೂ ಆಟದ ಚಿತ್ರ ಬರೆದುಕೊಡುತ್ತಾಳೆ. ಕತ್ತಿ ಹಿಡಿದವರು, ಮಂತ್ರದ ಕೋಲು ಹಿಡಿದವರು, ರೆಕ್ಕೆಯ ಕುದುರೆಗಳು. ಬಿಲ್ಲಿನವರು ಬಂದರೆ ಬೇರೆ ಹುಡುಗರಿಗೆ ಕೊಡೆಂದು ಹೇಳಿದ್ದಾಳೆ. ಅವರು ಬಾಣವನ್ನು ಬಿಲ್ಲಿನ ತಪ್ಪು ಬದಿಗೆ ಇಟ್ಟು ಬರೆದರೂ ಅವಳು ತಿದ್ದುವುದಿಲ್ಲ.

ಎರಡು ಸಾವಿರದ ಎಂಟರಲ್ಲಿ ಒಂದು ಮಧ್ಯಾಹ್ನ ಸುಬ್ಬಿ ಸಂತೆ ಮುಗಿಸಿ ಬಂದು ಹಿತ್ತಿಲ ಬಾಗಿಲಲ್ಲಿ ಕುಳಿತು ಹಲಸಿನ ತೊಳೆ ಬಿಡಿಸುತ್ತಿದ್ದಳು. ಬೆಳಕು ಅವಳ ಕೆನ್ನೆಯ ಮೇಲೆ, ಅಂಟು ಹತ್ತಿದ ಬೆರಳುಗಳ ಮೇಲೆ ಬಿದ್ದಿತ್ತು. ವಿನೋದಾ ತಡೆಯಲಾರದೆ ಮಗನ ಕಾಪಿ ಪುಸ್ತಕದ ಹಾಳೆಯೊಂದನ್ನು ಹರಿದು ಪೆನ್ಸಿಲ್ ತೆಗೆದುಕೊಂಡಳು.

"ಎಂತ ಬರೀತೆ?"

"ಏನಿಲ್ಲ. ನೀನು ಹಲಸು ಬಿಡಿಸೂದು. ಯಾರಿಗೂ ಕೊಡೂಕಲ್ಲ."

ಸುಬ್ಬಿ ನಕ್ಕಳು. ಎಣ್ಣೆಯಲ್ಲಿ ಬೆರಳು ಉಜ್ಜಿ ಅಂಟು ಬಿಡಿಸಿಕೊಂಡಳು, ನಿಧಾನಕ್ಕೆ, ಒಂದೊಂದೇ ಬೆರಳು. "ಮುಖ ಬೇಕಾದ್ರೆ ಬರ್ಕ," ಎಂದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕುಳಿತಳು.